ಪಾರ್ಸೆಲ್ ಸಾಲು

ಕುಪ್ಪಗಡ್ಡೆ
೧೪-೪-೧೯೯೪

ಗಂಗಾ,

ಕೈ ರೂಢಿಯಂತೆ ‘ಚಿ. ಸೌ.’ ಎಂದು ಬರೆಯಲು ಹೋಗಿ ಅರ್ಧಕ್ಕೇ ನಿಂತಿತು. ಆ ಕಾಗದ ಹರಿದು ಇದನ್ನು ತೆಗೆದುಕೊಂಡೆ. ಇನ್ನು ಮೇಲೆ ಬರೀ ಗಂಗಾ. ಕ್ಷೇಮ ಸಮಾಚಾರದ ಸಾಲನ್ನೂ ಬಿಟ್ಟಿದ್ದೇನೆ. ನೀನೂ ಬಿಡು.

ಗುರುಪ್ರಕಾಶ ಹೋಗಿ ತಿಂಗಳಾಯಿತು. ನಾನು ಅತ್ತಿಲ್ಲ. ಬಂದವರು ಅಳುತ್ತಾರೆ, ಅವರಿಗೆ ನಾನು ಚಾ ಕಾಸಿ ಕೊಡುತ್ತೇನೆ. “ಹೆತ್ತ ಮಗ ಹೋದ್ರೂ ಕಣ್ಣಾಗೆ ಒಂದು ಹನಿ ನೀರಿಲ್ಲ ನೋಡೇ” ಎಂದು ಪಕ್ಕದ ಮನೆ ಲೋಕಮ್ಮ ಹಿತ್ತಲಲ್ಲಿ ಅಂದದ್ದು ನನ್ನ ಕಿವಿಗೂ ಬಿತ್ತು. ಬೀಳಲಿ. ಹೆಂಡತಿಯ ನೌಕರಿಯ ಹಿಂದೆ ಗಂಡ ಪರದೇಶಕ್ಕೆ ಹೋಗುತ್ತಾನೆ ಎಂದು ನಕ್ಕವಳೂ ಅವಳೇ. ಆಗ ಅವಳ ಬಾಯಿ ಮುಚ್ಚಿಸಿದ್ದೆ, ಈಗ ಅಷ್ಟು ಕಸುವಿಲ್ಲ.

ಸೊರಬದ ಅಂಗಡಿಗೆ ನಿನ್ನ ಫೋನ್ ಬಂದಾಗ ನಿಮ್ಮ ಮಾವನವರೊಬ್ಬರೇ ಇದ್ದರು. “ಅಲ್ಲೇ ಮಣ್ಣು ಮಾಡ್ಬಿಡವ್ವ, ಹೆಣ ಕಾಯಿಸ್ಬಾರ್ದು” ಎಂದು ಹೇಳಿ ಮನೆಗೆ ಬಂದರು. ನನ್ನನ್ನು ಕೇಳಲಿಲ್ಲ.

ಒಂದು ಮಾತು ನನಗೆ ಗೊತ್ತಾಗಬೇಕು. ಅವನನ್ನು ಕೂರಿಸಿದರೋ ಮಲಗಿಸಿದರೋ? ನಮ್ಮವರನ್ನು ಕೂರಿಸಿ, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಕೊಡುವುದು ನಿನಗೆ ಗೊತ್ತಿರುವುದೇ. ಮೊನ್ನೆ ದೇವರ ಜಗಲಿ ಒರೆಸುವಾಗ ಹಿತ್ತಾಳೆ ತಟ್ಟೆಯ ಹಿಂದೆ ಅವನ ಬೆಳ್ಳಿ ಕರಡಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಲಿಂಗ ಒಳಗೇ ಇದೆ. ಶಿವದಾರದ ಸಮೇತ ಬಿಚ್ಚಿಟ್ಟು ವಿಮಾನ ಹತ್ತಿದ್ದಾನೆ. ಹಾಗಾದರೆ ಅವನ ಕೈಯಲ್ಲಿ ಏನಿಟ್ಟಿರಿ?

ಇನ್ನೊಂದು. ಆ ಊರು ಎಂಥದ್ದು? ‘ಊರು ಚೆನ್ನಾಗಿದೆ ಅವ್ವ’ ಎನ್ನುವುದು ಬಿಟ್ಟರೆ ಅವನು ಏನೂ ಬರೆದವನಲ್ಲ. ಅವನಿರುವ ಮಣ್ಣು ಕೆಂಪೋ ಕಪ್ಪೋ ನನಗೆ ಗೊತ್ತಿಲ್ಲ. ಬರೆ.

ನಿನ್ನ ಅತ್ತೆ
ರಾಜೇಶ್ವರಮ್ಮ


ಮೇರನ್ ಬೇ, ವಿಕ್ಟೋರಿಯಾ, ಆಸ್ಟ್ರೇಲಿಯಾ
೯-೫-೧೯೯೪

ಅತ್ತೆಯವರಿಗೆ ಶರಣು.

ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಮಲಗಿಸಿದರು. ಇಲ್ಲಿ ಪೆಟ್ಟಿಗೆ ಉದ್ದಕ್ಕೇ ಬರುತ್ತದೆ. ಕೂರಿಸಬೇಕು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಹತ್ತಿರ ಒಂದು ಚೂರು ವಿಭೂತಿ ಇತ್ತು, ಹಣೆಗೆ ಹಚ್ಚಿದೆ, ಅದು ಅಲ್ಲಿಗೆ ಮುಗಿಯಿತು. ಕೈಯಲ್ಲಿ ಏನೂ ಇಡಲಿಲ್ಲ.

ಹೇಗಾಯಿತು ಎಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಕೆನ್ ಎಂಬವರ ಆಲೂಗೆಡ್ಡೆ ಹೊಲದಲ್ಲಿ ಇವರು ಕೆಲಸ ಮಾಡುತ್ತಿದ್ದರು. ಹೊಲ ಸಮುದ್ರದ ಕಡೆಗೆ ಇಳಿಜಾರು. ಟ್ರ್ಯಾಕ್ಟರ್ ಮಗುಚಿತು. ಈ ಊರಿಗೆ ಡಾಕ್ಟರು ಎಂದರೆ ನಾನೊಬ್ಬಳೇ. ಹೊಲದಲ್ಲಿ ಯಾರಿಗೋ ಪೆಟ್ಟಾಗಿದೆ ಎಂದು ಫೋನ್ ಬಂತು, ಬ್ಯಾಗ್ ಹಿಡಿದು ಹೋದೆ. ಯಾರಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಡಿ ನೋಡಿದವಳೂ ಸಮಯ ಬರೆದವಳೂ ನಾನೇ. ಅಂದಿನಿಂದ ನನ್ನೊಳಗೆ ಏನೂ ಅಲ್ಲಾಡುತ್ತಿಲ್ಲ ಅತ್ತೆ. ಹಲ್ಲು ಕೀಳುವ ಮೊದಲು ಮದ್ದು ಚುಚ್ಚಿದರೆ ಕೆನ್ನೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗಿದ್ದೇನೆ. ಮರುವಾರವೇ ಕ್ಲಿನಿಕ್ ತೆರೆದೆ. ಶಿಕಾರಿಪುರದಿಂದ ಅಪ್ಪ ವಾಪಸ್ ಬಾ ಎಂದು ಬರೆಯುತ್ತಲೇ ಇದ್ದಾರೆ. ಏಳುವುದು, ಕೆಲಸಕ್ಕೆ ಹೋಗುವುದು ಬಿಟ್ಟು ಬೇರೇನೂ ನನಗೆ ಹೊಳೆಯುವುದಿಲ್ಲ.

ಊರಿನ ವಿಷಯ ಬರೆಯುವುದು ಸುಲಭ. ಇರುವುದು ಒಂದೇ ಬೀದಿ, ಆದರೆ ಅಗಲ ಬಹಳ. ಹಿಂದಿನ ಕಾಲದಲ್ಲಿ ಎತ್ತಿನ ಗಾಡಿಗಳು ತಿರುಗಲಿ ಎಂದು ಅಷ್ಟು ಬಿಟ್ಟಿದ್ದಂತೆ. ಅದನ್ನು ಕೇಳಿ ಇವರಿಗೆ ಖುಷಿಯಾಗಿತ್ತು. ಬೀದಿಯ ಒಂದು ತುದಿಯಲ್ಲಿ ಹಾಲಿನ ಡೈರಿ, ಇನ್ನೊಂದು ತುದಿಯಲ್ಲಿ ಹಡಗು ಕಟ್ಟುತ್ತಿದ್ದ, ಈಗ ಅರ್ಧ ಮುರಿದ ಮರದ ಧಕ್ಕೆ, ಅದರಾಚೆ ಸಮುದ್ರ. ಮಣ್ಣು ಕೆಂಪು. ಒಂದಾಳು ಆಳ ತೋಡಿದರೆ ಮರಳು.

ಇಲ್ಲಿಯವರು ಸಾವಿನ ಮನೆಗೆ ಬಂದು ಅಳುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಅಡುಗೆ ತಂದು ಬಾಗಿಲ ಮುಂದಿಟ್ಟು, ಬೆಲ್ ಕೂಡ ಒತ್ತದೆ ಹೋಗುತ್ತಾರೆ. ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಮನೆಯವರ ಹೆಸರು ಬರೆದಿರುತ್ತಾರೆ, ಹಿಂತಿರುಗಿಸಲು ಗೊತ್ತಾಗಲಿ ಎಂದು. ಎಲ್ಲದರಲ್ಲೂ ಮಾಂಸ. ಹಿತ್ತಲಲ್ಲಿ ಹೂತು, ಪಾತ್ರೆ ತೊಳೆದು ಕೊಟ್ಟು ಬಂದೆ. ಅದು ಹೇಗೋ ಊರಿಗೆಲ್ಲ ತಿಳಿದು ಮುಂದಿನ ವಾರದಿಂದ ಬರೀ ಆಲೂಗೆಡ್ಡೆ ಬಂತು. ಯಾರೂ ಏನೂ ಕೇಳಲಿಲ್ಲ. ಕೆನ್ ಮಾತ್ರ ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ.

ನಿಮ್ಮ
ಗಂಗಾ


ಕುಪ್ಪಗಡ್ಡೆ
೨-೬-೧೯೯೪

ಗಂಗಾ,

ಮಲಗಿಸಿದರೆ ಮಲಗಲಿ. ಚಿಕ್ಕವನಿದ್ದಾಗಲೂ ಕೂರಿಸಿದಲ್ಲಿ ಕೂತವನಲ್ಲ.

ಆದರೆ ಪಾತ್ರೆ ಖಾಲಿ ಕೊಟ್ಟು ಬಂದೆಯಾ? ನಿಮ್ಮ ಶಿಕಾರಿಪುರದಲ್ಲಿ ಹಾಗೆ ಕೊಡುತ್ತಾರೇನು? ಒಂದು ಹಿಡಿ ಅಕ್ಕಿಯೋ ಸಕ್ಕರೆಯೋ ಹಾಕದೆ ಯಾರ ಪಾತ್ರೆಯನ್ನೂ ಹಿಂದಕ್ಕೆ ಕಳಿಸಬಾರದು. ಅಷ್ಟು ಓದಿದ್ದೀಯ, ಇಷ್ಟು ಹೊಳೆಯಲಿಲ್ಲವೇ. ನಮ್ಮ ಮನೆಯ ಸೊಸೆ ನೀನು.

ಲಿಂಗದ ವಿಷಯಕ್ಕೆ ಇಲ್ಲಿ ದಿನಾ ಮಾತು. ಮಠದ ಅಯ್ಯನವರು “ಹೊಳೆಗೆ ಬಿಟ್ಬಿಡ್ರಿ ಅಮ್ಮ” ಅನ್ನುತ್ತಾರೆ. ನಿಮ್ಮ ಮಾವನವರು “ಗದ್ದೆ ಬದಿಗೆ ಒಂದು ಗದ್ದಿಗೆ ಕಟ್ಸಿ ಅದ್ರಾಗೆ ಇಡನ” ಅನ್ನುತ್ತಾರೆ. “ಮನುಷ್ಯ ಇಲ್ದ ಗದ್ದಿಗೆ ಎಂಥದ್ರಿ? ಕಲ್ಲಿಗೆ ಕಲ್ಲು ಕಟ್ತೀರೇನು?” ಎಂದು ಕೇಳಿದೆ. ಎದ್ದು ಹೊರಗೆ ಹೋದರು. ನಾನು ನನ್ನ ಲಿಂಗದ ಜೊತೆ ಅವನದನ್ನೂ ಕೊರಳಿಗೆ ಹಾಕಿಕೊಂಡಿದ್ದೇನೆ. ಹಾಗೆ ಹಾಕಿಕೊಳ್ಳಬಾರದು ಎಂದು ಅಯ್ಯನವರಿಗೆ ಸಿಟ್ಟು.

ಪೂಜೆ ಮಾಡದೆ ಬಾಯಿಗೆ ನೀರು ಹಾಕಬಾರದು ಎಂದು ಅವನಿಗೆ ಕಲಿಸಿದವಳು ನಾನು. ಈಗ ಬೆಳಿಗ್ಗೆ ಎರಡಕ್ಕೂ ಪೂಜೆ ಮಾಡಿ ತಟ್ಟೆಯ ಮುಂದೆ ಕೂರುತ್ತೇನೆ. ತುತ್ತು ಇಳಿಯುವುದಿಲ್ಲ. ಅವನ ಕೈ ಖಾಲಿ ಇದೆ ಗಂಗಾ.

ಕಳಿಸುತ್ತೇನೆ. ಅವನ ಎಡಗೈಗೆ ಮುಟ್ಟಿಸು. ಹೇಗೆ ಎಂದು ನನಗೆ ಗೊತ್ತಿಲ್ಲ, ಅದನ್ನು ನೀನೇ ನೋಡು.

ರಾಜೇಶ್ವರಮ್ಮ


ಮೇರನ್ ಬೇ
೩-೭-೧೯೯೪

ಅತ್ತೆಯವರಿಗೆ ಶರಣು.

ನೀವು ಬೈದ ಮೇಲೆ, ಉಳಿದಿದ್ದ ಪಾತ್ರೆಗಳಿಗೆಲ್ಲ ಸಕ್ಕರೆ ಹಾಕಿ ಕೊಟ್ಟೆ. ನೋಲಾ ಎಂಬ ಮುದುಕಿ ಮಾರನೆಯ ದಿನವೇ ಪಾತ್ರೆ ಹಿಡಿದು ಬಂದರು. “ಡಾಕ್ಟರ್, ನಿಮ್ಮ ಸಕ್ಕರೆ ಇದರಲ್ಲೇ ಉಳಿದುಬಿಟ್ಟಿದೆ” ಎಂದರು. ಯಾಕೆ ಹಾಕಿದ್ದು ಎಂದು ಹೇಳಬೇಕಾಯಿತು. ಅವರು ಒಳಗೆ ಬಂದು ಕೂತರು. ಇವರು ತೀರಿಹೋದ ಮೇಲೆ ನನ್ನ ಮನೆಯೊಳಗೆ ಬಂದು ಕೂತ ಮೊದಲನೆಯವರು ಅವರು.

ಊರಿನ ಹಳೆಯ ಫೋಟೊಗಳಿರುವ ಸಭಾಭವನದ ಬೀಗದ ಕೈ ನೋಲಾ ಹತ್ತಿರ ಇದೆ. ಸ್ಮಶಾನದ ಕಮಿಟಿಗೂ ಅವರೇ ಕಾರ್ಯದರ್ಶಿ. ಲಿಂಗವನ್ನು ಕೈಗೆ ಮುಟ್ಟಿಸುವ ನಿಮ್ಮ ಮಾತನ್ನು ಅವರಲ್ಲಿ ಕೇಳಿಯೇಬಿಟ್ಟೆ. ಮುಚ್ಚಿದ ಗುಂಡಿಯನ್ನು ತೆರೆಯಲು ಸರ್ಕಾರದ ಅಪ್ಪಣೆ ಬೇಕು, ಇಂಥ ಕಾರಣಕ್ಕೆ ಕೊಡುವುದಿಲ್ಲ ಎಂದರು. ಇದು ನಿಮಗೆ ಇಷ್ಟವಾಗದ ಉತ್ತರ, ಆದರೆ ಇರುವುದು ಇಷ್ಟು.

ಆಮೇಲೆ ಅವರು ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಊರಿನ ಕಥೆ ಹೇಳಿದರು. ಒಳನಾಡಿನಲ್ಲಿ ಚಿನ್ನ ಸಿಕ್ಕ ಕಾಲದಲ್ಲಿ, ಅಗೆಯುವವರ ಹೊಟ್ಟೆಗೆಂದು ಇಲ್ಲಿ ಆಲೂಗೆಡ್ಡೆ ಹಾಕಿದರಂತೆ. ಐರ್ಲೆಂಡಿನಿಂದ ಬರಗಾಲಕ್ಕೆ ಓಡಿ ಬಂದವರು. ರಸ್ತೆ ಇರಲಿಲ್ಲ, ಗೆಡ್ಡೆ ಬೆಣ್ಣೆ ಎಲ್ಲ ಹಡಗಿನಲ್ಲೇ ಹೋಗುತ್ತಿತ್ತು. ರೈಲು ಬರುತ್ತದೆ ಎಂದು ಮೂರು ತಲೆಮಾರು ಕಾದರು, ಬರಲಿಲ್ಲ. ಅವರಿಗಿಂತ ಮೊದಲು ಈ ದಡದಲ್ಲಿ ಇದ್ದವರು ಬೇರೆ. ಅವರು ತಿಂದು ಬಿಟ್ಟ ಚಿಪ್ಪಿನ ರಾಶಿ ಇನ್ನೂ ಮರಳಿನಲ್ಲಿದೆ. ಅವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದೆ. “ಅದನ್ನು ಈ ಊರು ಬರೆದಿಟ್ಟಿಲ್ಲ” ಎಂದರು.

ಸ್ಮಶಾನದ ಬೇಲಿಯ ಪಕ್ಕ ಸಣ್ಣ ಸಣ್ಣ ಕಲ್ಲುಗಳ ಒಂದು ಸಾಲಿದೆ. ಮಕ್ಕಳದ್ದು ಎಂದುಕೊಂಡಿದ್ದೆ. ಅಲ್ಲ. ಮೊದಲ ಮಹಾಯುದ್ಧಕ್ಕೆ ಈ ಊರಿನ ಹುಡುಗರು ಹೋಗಿದ್ದರು. ಸತ್ತವರ ಹೆಣ ಬರಲಿಲ್ಲ, ಒಂದೊಂದು ಪಾರ್ಸೆಲ್ ಬಂತು. ನೋಲಾರ ಅಜ್ಜಿಗೆ ಬಂದದ್ದರಲ್ಲಿ ಮಗನ ಬಾಚಣಿಗೆ ಮತ್ತು ಸೊಂಟದ ಪಟ್ಟಿ. ಆಕೆ ಅದನ್ನು ಇಲ್ಲಿಗೆ ತಂದು ಮಣ್ಣು ಮಾಡಿದಳು. ಹೆಣವಿಲ್ಲದೆ ಸಮಾಧಿ ಮಾಡುವಂತಿಲ್ಲ ಎಂದು ಪಾದ್ರಿ ತಡೆದರೆ, “ಮಣ್ಣು ಕೇಳಲಿಲ್ಲವಲ್ಲ, ನೀವ್ಯಾಕೆ ಕೇಳುತ್ತೀರಿ” ಎಂದಳಂತೆ. ಆಮೇಲೆ ಉಳಿದ ತಾಯಂದಿರೂ ತಂದರು. ಊರಿನವರು ಅದನ್ನು ಪಾರ್ಸೆಲ್ ಸಾಲು ಅನ್ನುತ್ತಾರೆ. ನಿಮ್ಮ ಮಗ ಮಲಗಿರುವುದು ಅದರ ಎದುರಿಗೆ.

ಲಿಂಗ ಕಳಿಸಿದರೆ ಆ ಸಾಲಿನಲ್ಲಿ ಜಾಗ ಕೊಡುತ್ತಾರಂತೆ. ನಿಮ್ಮ ಇಷ್ಟ.

ನಿಮ್ಮ
ಗಂಗಾ


ಆನವಟ್ಟಿ
೨೮-೭-೧೯೯೪

ಚಿ. ಗಂಗಾಶ್ರೀಗೆ ನಿನ್ನ ಮಾವ ಸದಾಶಿವಪ್ಪನ ಆಶೀರ್ವಾದ.

ಸಂತೆಗೆಂದು ಬಂದವನು ನಿಮ್ಮತ್ತೆಗೆ ತಿಳಿಯದಂತೆ ಇಲ್ಲಿಯ ಪೋಸ್ಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಕೆ ಅರ್ಧ ಆಗಿದ್ದಾಳೆ. ಹಗಲಿಗೊಂದು ಲೋಟ ಗಂಜಿ, ಅಷ್ಟೇ. ಲಿಂಗ ಕಳಿಸಿಯೇ ತೀರುತ್ತಾಳೆ. ಅದು ನಿನಗೆ ಮುಟ್ಟಿದ ಮೇಲೆ, ಕೈಗೆ ಇಟ್ಟೆ ಎಂದು ಒಂದು ಸಾಲು ಬರೆದುಬಿಡು ತಾಯಿ. ಹೇಗೆ ಏನು ಎಂದು ವಿವರಿಸಬೇಡ. ಸುಳ್ಳಾದರೂ ಪರವಾಗಿಲ್ಲ, ಅದರ ಪಾಪ ನನಗಿರಲಿ. ಅಲ್ಲೇ ಮಣ್ಣು ಮಾಡಿ ಎಂದವನೂ ನಾನೇ ತಾನೇ.

ಈ ಕಾಗದ ಓದಿ ಹರಿದು ಹಾಕು.

ಸದಾಶಿವಪ್ಪ


ಕುಪ್ಪಗಡ್ಡೆ
೧೦-೮-೧೯೯೪

ಗಂಗಾ,

ಆ ನೋಲಾಳ ಅಜ್ಜಿ ಗಟ್ಟಿ ಹೆಂಗಸು. ನಮ್ಮ ಕಡೆ ಹುಟ್ಟಬೇಕಿತ್ತು. ಆದರೆ ಅವಳ ಪಾಡು ಬೇರೆ, ನನ್ನ ಪಾಡು ಬೇರೆ. ಅವಳಿಗೆ ಮಗ ಎಲ್ಲಿ ಬಿದ್ದಿದ್ದಾನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿದೆ. ಎದುರಿಗೇ ಮಗನನ್ನು ಇಟ್ಟುಕೊಂಡು ಅವನ ಲಿಂಗವನ್ನು ಬೇಲಿ ಪಕ್ಕದಲ್ಲಿ ಹೂಳಲೇ? ನನಗೆ ಸಾಲು ಬೇಡ, ಕೈ ಬೇಕು.

ನಿನ್ನೆ ಸೊರಬಕ್ಕೆ ಹೋಗಿ ಪಾರ್ಸೆಲ್ ಮಾಡಿಸಿದೆ. ಒಳಗೇನಿದೆ ಎಂದು ಬರೆಯಬೇಕು ಎಂದರು. ಅವರಿಗೇನು ಹೇಳಲಿ, ಕಲ್ಲು ಎಂದೆ. “ಕಲ್ಲು ಅಲ್ಲಿ ಸಿಗಲ್ವೇನಮ್ಮ” ಎಂದು ಆ ಗುಮಾಸ್ತ ನಕ್ಕ. ಸಿಗುವುದಿಲ್ಲ ಎಂದೆ. ಕರಡಿಗೆಯ ಸುತ್ತ ಮೂರು ಗಟ್ಟಿ ವಿಭೂತಿ, ಒಣಗಿದ ಬಿಲ್ವಪತ್ರೆ, ನಮ್ಮ ಗದ್ದೆಯ ಒಂದು ಹಿಡಿ ಮಣ್ಣು ಇಟ್ಟಿದ್ದೇನೆ. ಕೊರಳು ಹಗುರಾಯಿತು, ಅದು ಸಮಾಧಾನವಲ್ಲ.

ರಾಜೇಶ್ವರಮ್ಮ


ಮೇರನ್ ಬೇ
೨೦-೯-೧೯೯೪

ಅತ್ತೆಯವರಿಗೆ ಶರಣು.

ಪಾರ್ಸೆಲ್ ಬಂತು, ಪೂರ್ತಿ ಬರಲಿಲ್ಲ. ಈ ದೇಶದೊಳಗೆ ಹೊರಗಿನ ಮಣ್ಣು, ಎಲೆ, ದನದ ಸಗಣಿಯಿಂದ ಮಾಡಿದ್ದು ಯಾವುದನ್ನೂ ಬಿಡುವುದಿಲ್ಲ. ವಿಭೂತಿ, ಪತ್ರೆ, ಗದ್ದೆಯ ಮಣ್ಣು ಮೂರನ್ನೂ ತಡೆದು ಸುಟ್ಟುಹಾಕಿದ್ದಾರೆ. ಇಲ್ಲಿ ಕಾಲುಬಾಯಿ ಜ್ವರ ಇಲ್ಲ, ಅದರ ಹೆಸರು ಹೇಳಿದರೇ ದನ ಸಾಕುವವರು ಬೆವರುತ್ತಾರೆ. ನಾನು ಮೊದಲೇ ನಿಮಗೆ ಬರೆಯಬೇಕಿತ್ತು, ತಲೆಗೆ ಬರಲಿಲ್ಲ.

ಕರಡಿಗೆಯನ್ನು ಯಾವುದೋ ಔಷಧಿಯಲ್ಲಿ ತೊಳೆದು ಕೊಟ್ಟಿದ್ದಾರೆ. ಲಿಂಗ ಸುರಕ್ಷಿತವಾಗಿದೆ. ನನ್ನ ಮೇಜಿನ ಮೇಲಿದೆ. ಇನ್ನೂ ಇಟ್ಟಿಲ್ಲ. ಇಟ್ಟೆ ಎಂದು ಬರೆಯುವುದು ಎರಡು ನಿಮಿಷದ ಕೆಲಸ, ನಿನ್ನೆ ಬರೆದೂ ನೋಡಿದೆ. ನಿಮಗೆ ಕಳಿಸಲು ಆಗಲಿಲ್ಲ.

ನಿಮ್ಮ
ಗಂಗಾ


ಕುಪ್ಪಗಡ್ಡೆ
೧೨-೧೦-೧೯೯೪

ಗಂಗಾ,

ಸುಟ್ಟದ್ದು ಸರಿಯಾಗಿಯೇ ಇದೆ. ಕಾಲುಬಾಯಿ ಜ್ವರ ಬಂದ ವರ್ಷ ನಮ್ಮ ಕೊಟ್ಟಿಗೆಯಲ್ಲಿ ದನ ಕುಂಟಿದ್ದು, ಜೊಲ್ಲು ಸುರಿಸಿದ್ದು ನಾನು ಕಂಡಿದ್ದೇನೆ. ಹಾಗೆ ಕಾಯ್ದುಕೊಳ್ಳುವ ಊರು ಎಂದಾದರೆ ದನದ ಬೆಲೆ ತಿಳಿದವರ ಊರು. ನನಗೆ ಸ್ವಲ್ಪ ಧೈರ್ಯ ಬಂತು.

ವಿಭೂತಿ ಹೋದರೆ ಹೋಯಿತು. ಅಲ್ಲಿ ಹಸುಗಳಿಲ್ಲವೇ? ಸಗಣಿ ಹಾಕುವುದಿಲ್ಲವೇ? ಉಂಡೆ ಮಾಡಿ ಒಣಗಿಸು. ಪೂರ್ತಿ ಬೆಳ್ಳಗಾಗುವವರೆಗೆ ಸುಡು. ಬೂದಿಯನ್ನು ನೀರಲ್ಲಿ ಕದಡಿ ತೆಳು ಬಟ್ಟೆಯಲ್ಲಿ ಸೋಸು, ತಿಳಿ ಚೆಲ್ಲಿ ತಳದ್ದನ್ನು ಗಟ್ಟಿ ಕಟ್ಟು. ಹಸು ಯಾವ ಊರಿನದಾದರೇನು, ತಿನ್ನುವುದು ಹುಲ್ಲೇ. ಅವನಿರುವ ಊರಿನದೇ ಆಗಲಿ.

ನೀನು ಬರೆದು ಕಳಿಸದ ಆ ಕಾಗದ ಯಾರು ಬರೆಸಿದ್ದು ಎಂದು ನನಗೆ ಗೊತ್ತು. ಆನವಟ್ಟಿ ಸಂತೆಗೆ ಹೋದವರು ಏನೂ ತರದೆ ಬರಿಗೈಯಲ್ಲಿ ಬಂದಿದ್ದರು. ನಾನು ಕೇಳಲಿಲ್ಲ.

ರಾಜೇಶ್ವರಮ್ಮ


ಮೇರನ್ ಬೇ
೪-೧೨-೧೯೯೪

ಅತ್ತೆಯವರಿಗೆ ಶರಣು.

ಇದನ್ನು ಮಾವನವರಿಗೂ ಓದಿ ಹೇಳಿ.

ಡೈರಿಯಿಂದ ಸಗಣಿ ತಂದು ಉಂಡೆ ಮಾಡಿ ಕ್ಲಿನಿಕ್ಕಿನ ಹಿಂದಿನ ಕಟ್ಟೆಯ ಮೇಲೆ ಒಣಗಿಸಿದೆ. ಡಾಕ್ಟರಿಗೆ ತಲೆ ಕೆಟ್ಟಿದೆ ಎಂದು ಎರಡು ದಿನ ಊರೆಲ್ಲ ಮಾತಾಡಿತು. ಮೂರನೆಯ ದಿನ ಕೆನ್ ಒಂದು ಬಕೆಟ್ ಹಿಡಿದು ಬೇಲಿಯ ಆಚೆ ನಿಂತಿದ್ದರು. ಅವರು ನನ್ನ ಎದುರು ನಿಂತದ್ದು ಮಾರ್ಚಿನ ನಂತರ ಅದೇ ಮೊದಲು. “ನಮ್ಮ ಹಸುಗಳದ್ದು, ಸಾಕಾಗದಿದ್ದರೆ” ಎಂದರು. ಯಾತಕ್ಕೆ ಎಂದು ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ. ಲಿಂಗ ತೋರಿಸಿದೆ. ಟೊಪ್ಪಿಗೆ ತೆಗೆದು ನೋಡಿ ಹೊರಟುಹೋದರು.

ವಾರ ಕಳೆದು ನೋಲಾ ಜೊತೆ ಬಂದರು. ಬೇಲಿಯ ಗೂಟಕ್ಕೆ ಗುಂಡಿ ಕೊರೆಯುವ ಕೈಬೈರಿಗೆಯೊಂದು ಇಲ್ಲಿ ಪ್ರತಿ ಹೊಲದಲ್ಲೂ ಇರುತ್ತದೆ. ಅದಕ್ಕೆ ಉದ್ದನೆಯ ಕೊಳವೆ ಕಟ್ಟಿ ಕೆಳಗಿನವರೆಗೆ ಇಳಿಸಬಹುದು, ಮರಳು ಕುಸಿಯದಂತೆ ನೀರಿನ ಪೈಪು ತೂರಿಸಬಹುದು ಎಂದರು. ನಮ್ಮ ಕಡೆ ಬೋರ್‌ವೆಲ್ ಹಾಕಿದ ಹಾಗೆ. ಸಮಾಧಿ ತೆರೆಯಲು ಸರ್ಕಾರದ ಅಪ್ಪಣೆ ಬೇಕು, ಹೆಸರಿನ ಗೂಟ ನೆಡಲು ಕಮಿಟಿಯ ಅಪ್ಪಣೆ ಸಾಕು. ಕಮಿಟಿಯವರು ಚಾ ಕುಡಿದು ಒಪ್ಪಿದರು. ಗೂಟದ ಗುಂಡಿ ಎಷ್ಟು ಆಳ ಎಂದು ಯಾರೂ ಕೇಳಲಿಲ್ಲ. ಈ ಊರಿನವರು ಕೇಳದೆ ಇರುವುದರಲ್ಲಿ ಬಹಳ ಪಳಗಿದವರು.

ಕಳೆದ ಸೋಮವಾರ ಬೆಳಿಗ್ಗೆ ಹೋದೆವು. ಎಲ್ಲಿ ಕೊರೆಯಬೇಕು ಎಂದು ಕೆನ್ ಕೇಳಿದರು. ಇಲ್ಲಿ ಎಲ್ಲರ ಕೈಗಳನ್ನೂ ಎದೆಯ ಮೇಲೆ ಜೋಡಿಸುತ್ತಾರೆ, ಹಾಗಾಗಿ ನಡುವೆಯೇ ಎಂದು ಅವರು ಅಂದುಕೊಂಡಿದ್ದರು. ನಾನು ಅಲ್ಲ ಎಂದೆ. ನಿಮಗೆ ಇದನ್ನು ಬರೆದಿರಲಿಲ್ಲ ಅತ್ತೆ, ನನಗೇ ನೆನಪಿರಲಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ನಾನು ಅವರ ಎಡಗೈಯನ್ನು ಎದೆಯಿಂದ ಬಿಡಿಸಿ, ಬದಿಗೆ ತಂದು, ಅಂಗೈ ಮೇಲೆ ಮಾಡಿ ಇಟ್ಟಿದ್ದೆ. ಮುಚ್ಚುವವನು ಅದನ್ನು ಮತ್ತೆ ಎದೆಗೆ ತರಲು ಹೋದಾಗ ಅವನ ಕೈ ಹಿಡಿದುಕೊಂಡಿದ್ದೆ. ಯಾಕೆ ಹಾಗೆ ಮಾಡಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಎಡ ಬದಿಗೆ, ಸೊಂಟದ ಹತ್ತಿರ ಎಂದು ಕಾಲಿನಿಂದ ಗುರುತು ಮಾಡಿ ತೋರಿಸಿದೆ.

ಕೆನ್ ಒಬ್ಬರೇ ತಿರುಗಿಸಿದರು, ಯಾರನ್ನೂ ಮುಟ್ಟಲು ಬಿಡಲಿಲ್ಲ. ಮೊದಲು ಕೆಂಪು ಮಣ್ಣು ಬಂತು, ಆಮೇಲೆ ಮರಳು, ಆಮೇಲೆ ಮರ ತಾಗಿದ ಸದ್ದು. ಆ ಸದ್ದಿಗೆ ನನ್ನೊಳಗೆ ಏನೋ ಅಲ್ಲಾಡಿತು. ನಾನು ಅಲ್ಲೇ ಕೂತುಬಿಟ್ಟೆ.

ಲಿಂಗಕ್ಕೆ ಕೆನ್ ಮನೆಯ ಹಸುವಿನ ವಿಭೂತಿ ಹಚ್ಚಿ, ಬಟ್ಟೆಯಲ್ಲಿ ಕಟ್ಟಿ, ಶಿವದಾರಕ್ಕೆ ಇನ್ನಷ್ಟು ದಾರ ಸೇರಿಸಿ ಇಳಿಸಿದೆ. ದಾರ ಸಡಿಲವಾದಾಗ ಬಿಟ್ಟೆ. ಈಗ ಅದು ಅವರ ಅಂಗೈಯ ಮೇಲೆ ಸರಿಯಾಗಿ ಇದೆ, ನಡುವೆ ಪೆಟ್ಟಿಗೆಯ ಮುಚ್ಚಳ ಮಾತ್ರ. ಅಷ್ಟು ಅಡ್ಡ ಉಳಿಯಿತಲ್ಲ ಎಂದು ನಾನು ಕೆನ್‌ಗೆ ಹೇಳಿದೆ. ಅವರು ಬೈರಿಗೆ ಒರೆಸುತ್ತಾ, “ಪೈನ್ ಮರ ಅದು. ಈ ಮಣ್ಣಿನಲ್ಲಿ ನಮ್ಮ ಬೇಲಿಯ ಪೈನ್ ಗೂಟ ಹತ್ತು ವರ್ಷ ನಿಲ್ಲುವುದಿಲ್ಲ. ಕಲ್ಲು ಎಲ್ಲಿಗೂ ಹೋಗುವುದಿಲ್ಲ” ಎಂದರು. ಬೈರಿಗೆಯನ್ನು ಹೆಗಲಿಗೇರಿಸಿ, “ಅವರ ತಾಯಿಗೆ ಹಾಗೆ ಬರೆಯಿರಿ” ಎಂದರು.

ಬರೆದಿದ್ದೇನೆ. ಇನ್ನು ನೀವು ಊಟ ಮಾಡಬೇಕು.

ಕರಡಿಗೆಯನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ, ಮನೆಯ ಬೆಳ್ಳಿ ಮನೆಯಲ್ಲೇ ಇರಲಿ. ನೀವು ಹೇಳಿದ ಹಾಗೆ ಖಾಲಿ ಕಳಿಸಿಲ್ಲ. ಮುಚ್ಚಳ ತೆಗೆದು ನೋಡಿ. ಮಣ್ಣು ಕೆಂಪಗಿದೆ.

ನಿಮ್ಮ ಮನೆಯ ಸೊಸೆ
ಗಂಗಾ